ಉಪ್ಪು ಗಾಳಿಗೆ ಯಾವ ನ್ಯಾನೊ? ಕಾರವಾರ, ಕುಮಟಾ, ಶಿರಸಿ ಕಡೆ ಮನೆ ಕಟ್ಟುವವರಿಗೆ

ಹೋದ ಏಪ್ರಿಲ್‌ನಲ್ಲಿ ನಮ್ಮ ಭಾವ ಮೂರು ಡಬ್ಬಿ ತಂದು ಜಗಲಿ ಮೇಲೆ ಸಾಲಾಗಿ ಇಟ್ಟರು. ಕಾರವಾರದಲ್ಲಿ ಅವರ ಮನೆ ಏಳುತ್ತಿತ್ತು. ಪಾಯ ಮುಗಿದು ಕಂಬ ಹಾಕುವ ಹೊತ್ತು. ಮೂರೂ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 'ನ್ಯಾನೊ' ಅಂತ ಇತ್ತು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣದ ಸಾಮಾನು ಅಂತ.

"ಯಾವುದು ಹಾಕೋದು ಹೇಳು ತಮಾ. ಅಂಗಡಿಯವ ಮೂರೂ ಒಳ್ಳೇದೇ ಅಂದ."

ಮುಚ್ಚಳ ತೆಗೆದು ನೋಡಿದೆ. ಒಂದರಲ್ಲಿ ತೆಳು ಹಾಲಿನಂಥ, ಸ್ವಲ್ಪ ನೀಲಿ ಹೊಡೆಯುವ ದ್ರವ. ವಾಸನೆ ಇಲ್ಲ. ಎರಡನೆಯದು ನೀರಿನಷ್ಟೇ ತಿಳಿ, ಆದರೆ ಮೂಗಿಗೆ ಸ್ಪಿರಿಟ್ ಬಡಿಯಿತು. ಮೂರನೆಯದು ದಪ್ಪ ಬಿಳಿ ಬಣ್ಣ. ಅಂದರೆ ಒಂದು ಕಾಂಕ್ರೀಟಿಗೆ ಬೆರೆಸುವ ನ್ಯಾನೊ ಸಿಲಿಕಾ, ಒಂದು ಗೋಡೆ ನೀರು ಕುಡಿಯದಂತೆ ಹೊಡೆಯುವ ಸಿಲೇನ್, ಇನ್ನೊಂದು ಟೈಟಾನಿಯಂ ಡೈಆಕ್ಸೈಡ್ ಹಾಕಿದ ಹೊರಗೋಡೆಯ ಪೇಂಟ್. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಸಾಮಾನು. ಬಂಗಡೆ, ಬೆಲ್ಲ, ಬಾಳೆಕಾಯಿ ಮೂರನ್ನೂ 'ಅಡುಗೆ ಸಾಮಾನು' ಅಂತ ಒಂದೇ ಚೀಲಕ್ಕೆ ಹಾಕಿಕೊಟ್ಟ ಹಾಗೆ.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಅವತ್ತಿನಿಂದ ನಮ್ಮೂರಲ್ಲಿ ಚಹಾ ಅಂಗಡಿಗೊಬ್ಬ ಕಾಂಕ್ರೀಟ್ ತಜ್ಞ ಹುಟ್ಟಿಕೊಂಡಿದ್ದಾನೆ. ಅದು ಯಾಕೆ ಬಿತ್ತು ಅನ್ನುವುದು ಬೇರೆಯದೇ ವಿಷಯ, ಇಲ್ಲಿ ಬೇಡ. ಆದರೆ 'ನಮ್ಮ ಸ್ಲ್ಯಾಬ್ ಎಷ್ಟು ವರ್ಷ ಬಾಳುತ್ತೆ' ಅನ್ನುವ ಹೆದರಿಕೆ ಎಲ್ಲರಿಗೂ ಹತ್ತಿದೆ. ಹೆದರಿಕೆ ಇರುವಲ್ಲಿ ಡಬ್ಬಿ ಮಾರಾಟ ಸುಲಭ. ಹಾಗಾಗಿ ಭಾವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಛಜ್ಜಾ ಬಿದ್ದ ಕತೆ

ನಮ್ಮ ಹಳೇ ಮನೆಯ ಅಡುಗೆಮನೆ ಕಿಟಕಿಯ ಛಜ್ಜಾ ಒಂದು ಜುಲೈ ಮಧ್ಯಾಹ್ನ ಅಂಗಳಕ್ಕೆ ಬಿತ್ತು. ಆಯಿ ಆಗಷ್ಟೇ ಪಾತ್ರೆ ತೊಳೆದು ಒಳಗೆ ಬಂದಿದ್ದಳು. ಕಟ್ಟಿ 16 ವರ್ಷ ಆಗಿತ್ತು ಅಷ್ಟೇ. ಬಿದ್ದ ತುಂಡು ತಿರುಗಿಸಿ ನೋಡಿದೆ. 8 ಮಿಮೀ ರಾಡ್ ಇದ್ದ ಜಾಗದಲ್ಲಿ ಕಂದು ಪದರ. ಉಗುರಲ್ಲಿ ಕೆದಕಿದರೆ ಹಪ್ಪಳದ ಹಾಗೆ ಏಳುತ್ತಿತ್ತು. ಒಳಗೆ ಉಳಿದಿದ್ದ ಗಟ್ಟಿ ಕಬ್ಬಿಣ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ. ಟೇಪ್ ಹಿಡಿದೆ. ರಾಡಿನ ಮೇಲೆ ಕಾಂಕ್ರೀಟ್ ಇದ್ದದ್ದು 11 ಮಿಮೀ. ಒಡೆದ ಮೈಯಲ್ಲಿ ಮರಳಿನ ಜೊತೆ ಬಿಳೀ ಚಿಪ್ಪಿನ ಚೂರು ಮಿನುಗುತ್ತಿತ್ತು. ಆಗೆಲ್ಲ ಮರಳು ಅಳಿವೆಯಿಂದ ದೋಣಿಯಲ್ಲಿ ಬರುತ್ತಿತ್ತು. ತೊಳೆದು ಹಾಕುವ ಮಾತೇ ಇರಲಿಲ್ಲ.

ನಮ್ಮ ಕರಾವಳಿಯ ಕಾಂಕ್ರೀಟಿಗೆ ಬರುವ ಕಾಯಿಲೆ ಪೂರ್ತಿ ಆ ಒಂದು ತುಂಡಿನಲ್ಲಿತ್ತು. ಹೊಸ ಕಾಂಕ್ರೀಟಿನ ಒಳಗೆ ಸುಣ್ಣದ ಅಂಶ ಜಾಸ್ತಿ, ಕ್ಷಾರ ಗುಣ ಅಳೆಯುವ ಪಿಎಚ್ 12.5ರಿಂದ 13ರ ತನಕ. ಆ ಕ್ಷಾರಕ್ಕೆ ಕಬ್ಬಿಣದ ಮೇಲೆ ಒಂದು ತೆಳು ಕಾಪು ಪದರ ಕಟ್ಟಿಕೊಳ್ಳುತ್ತೆ, ತುಕ್ಕು ಹಿಡಿಯುವುದಿಲ್ಲ. ಉಪ್ಪಿನ ಕ್ಲೋರೈಡ್ ಒಳಗೆ ಇಳಿದು ಬಂತು ಅಂದರೆ ಆ ಪದರ ಅಲ್ಲಲ್ಲಿ ತೂತು ಬೀಳುತ್ತೆ. ತುಕ್ಕು ತನ್ನ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತೆ. ಜಾಗ ಎಲ್ಲಿದೆ? ಕಾಂಕ್ರೀಟನ್ನೇ ಒಳಗಿಂದ ಒಡೆಯುತ್ತೆ. ಹೊರಗೆ ಬಿರುಕು ಕಂಡಾಗ ಕೆಲಸ ಕೆಟ್ಟು ಬಹಳ ದಿನ ಆಗಿರುತ್ತೆ.

ಉಪ್ಪು ಬರುವುದಕ್ಕೆ ಎರಡು ದಾರಿ. ಒಂದು ಹೊರಗಿನ ಗಾಳಿ, ತುಂತುರು. ಇನ್ನೊಂದು ನಾವೇ ಮರಳಲ್ಲಿ, ನೀರಲ್ಲಿ ಬೆರೆಸಿ ಕೊಡುವುದು. ಮೇ ತಿಂಗಳಲ್ಲಿ ಕಡಲ ಬದಿಯ ಎಷ್ಟೋ ಬಾವಿ ಸವಳಾಗುತ್ತವೆ, ಅದೇ ನೀರಲ್ಲಿ ಸ್ಲ್ಯಾಬ್ ಹಾಕುತ್ತಾರೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಬ್ಬಿಣ ಇರುವ ಕಾಂಕ್ರೀಟಿನ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಒಳಗೇ ಉಪ್ಪು ಹಾಕಿ, ಮೇಲಿಂದ ದುಬಾರಿ ನ್ಯಾನೊ ಸಿಲಿಕಾ ಬೆರೆಸಿದರೆ ಏನಾಯ್ತು? ಉಪ್ಪಿನಕಾಯಿ ಜಾಡಿಗೆ ಬಿಗಿ ಮುಚ್ಚಳ ಹಾಕಿದಂತಾಯ್ತು.

ಡಬ್ಬಿಯ ಎದುರಾಳಿ: ಕವರ್ ಬ್ಲಾಕ್

ನ್ಯಾನೊ ಸಾಮಾನನ್ನು ಬೇರೆ ನ್ಯಾನೊ ಸಾಮಾನಿನ ಜೊತೆ ಹೋಲಿಸುವ ಮೊದಲು ಕವರ್ ಬ್ಲಾಕ್ ಜೊತೆ ಹೋಲಿಸಬೇಕು. ಸಿಮೆಂಟ್ ಗಾರೆಯ ಆ ಸಣ್ಣ ಬಿಲ್ಲೆ, ರಾಡಿನ ಅಡಿಗೆ ಇಡುವುದು. ನಮ್ಮಲ್ಲಿ ಅದರ ಬದಲು ಜಲ್ಲಿ ಚೂರು ತುರುಕುತ್ತಾರೆ.

ಉಪ್ಪು ಕಾಂಕ್ರೀಟಿನೊಳಗೆ ಇಳಿಯುವ ಲೆಕ್ಕ ವಿಚಿತ್ರ. ದಪ್ಪ ಎರಡು ಪಟ್ಟಾದರೆ ರಾಡ್ ತಲುಪುವ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತೆ. ದಪ್ಪದ ವರ್ಗದ ಲೆಕ್ಕ ಅದು. ರಾಡಿನ ಮೇಲಿನ ಕಾಂಕ್ರೀಟ್ ದಪ್ಪಕ್ಕೇ ಕವರ್ ಅನ್ನುವುದು, 20 ಮಿಮೀ ಕವರನ್ನು 45ಕ್ಕೆ ಏರಿಸಿದರೆ ಸುಮಾರು ಐದು ಪಟ್ಟು ಸಮಯ ಸಿಗುತ್ತೆ. ಈಗ ನ್ಯಾನೊ ಸಿಲಿಕಾ ಹಾಕಿ ಉಪ್ಪು ಇಳಿಯುವ ವೇಗವನ್ನು ಅರ್ಧಕ್ಕೆ ಇಳಿಸಿದೆವು ಅಂತಲೇ ಇಟ್ಟುಕೊಳ್ಳಿ. ಸಿಗುವುದು ಎರಡು ಪಟ್ಟು. ಕವರ್ ಬ್ಲಾಕಿಗೆ ಎಷ್ಟು ದುಡ್ಡು, ಡಬ್ಬಿಗೆ ಎಷ್ಟು ದುಡ್ಡು, ನೀವೇ ಹೇಳಿ.

ಐಎಸ್ 456 ಪುಸ್ತಕ ಏನು ಹೇಳುತ್ತೆ ಅಂದರೆ, ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟ್ 'ತೀವ್ರ' ವರ್ಗ. ಕನಿಷ್ಠ ಎಂ30 ದರ್ಜೆ (ಸಂಖ್ಯೆ ಏರಿದಷ್ಟೂ ಬಲ ಜಾಸ್ತಿ), ಒಂದು ಘನ ಮೀಟರಿಗೆ 320 ಕೆಜಿ ಸಿಮೆಂಟ್, ನೀರು ಸಿಮೆಂಟಿನ ತೂಕದ 0.45 ಪಾಲಿಗಿಂತ ಜಾಸ್ತಿ ಬೇಡ, ಕವರ್ 45 ಮಿಮೀ. ಅಲೆಯ ತುಂತುರು ನೇರ ಬೀಳುವ ಜಾಗ 'ಅತಿ ತೀವ್ರ', ಅಲ್ಲಿ ಎಂ35, 340 ಕೆಜಿ, 50 ಮಿಮೀ. ಭರತ ಇಳಿತದಲ್ಲಿ ನೆನೆದು ಒಣಗುವ ಕಂಬಕ್ಕೆ ಎಂ40, 360 ಕೆಜಿ, 0.40, ಕವರ್ 75. ಇಷ್ಟನ್ನೂ ಸರಿಯಾಗಿ ಮಾಡಿದ ಮನೆಯನ್ನು ನಾನು ಕಾರವಾರದಿಂದ ಭಟ್ಕಳದ ತನಕ ಬೆರಳಲ್ಲಿ ಎಣಿಸುವಷ್ಟು ಮಾತ್ರ ನೋಡಿದ್ದೇನೆ.

ಹಾಗಾದರೆ ನ್ಯಾನೊ ಯಾಕೆ? 45 ಮಿಮೀ ಕವರ್ ಕೊಡಲು ಜಾಗವೇ ಇಲ್ಲದ ಕಡೆ ಇದೆಯಲ್ಲ. ಛಜ್ಜಾ, ತೆಳು ಪರದೆ ಗೋಡೆ, ಜಾಲಿ, ಬಾಲ್ಕನಿಯ ಅಂಚು, ಹಳೇ ಕಂಬಕ್ಕೆ ಮಾಡುವ ರಿಪೇರಿ ಗಾರೆ. 75 ಮಿಮೀ ದಪ್ಪದ ಛಜ್ಜಾದಲ್ಲಿ ಎರಡೂ ಬದಿ 45 ಬಿಟ್ಟರೆ ರಾಡ್ ಹೊರಗೇ ಇಡಬೇಕಾಗುತ್ತೆ! ಅಂಥ ಕಡೆ ಕಾಂಕ್ರೀಟಿನ ಮೈಯನ್ನೇ ಬಿಗಿ ಮಾಡಬೇಕು. ನನ್ನ ಪ್ರಕಾರ ಡಬ್ಬಿಯ ಜಾಗ ಅದು.

ಸ್ಲ್ಯಾಗ್, ಸಿಲಿಕಾ ಫ್ಯೂಮ್, ನ್ಯಾನೊ ಸಿಲಿಕಾ

ಸ್ಲ್ಯಾಗ್ ಅಂದರೆ ಉಕ್ಕಿನ ಕಿಟ್ಟದ ಪುಡಿ, ಫ್ಯೂಮ್ ಅಂದರೆ ಸಿಲಿಕಾನ್ ಕುಲುಮೆಯ ಹೊಗೆಯಿಂದ ಹಿಡಿದ ನುಣ್ಣನೆ ಧೂಳು. ನ್ಯಾನೊ ಸಿಲಿಕಾ ಸೇರಿ ಮೂರೂ ಮಾಡುವುದು ಒಂದೇ ಜಾತಿಯ ಕೆಲಸ. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಂದಷ್ಟು ಸುಣ್ಣ ಉಳಿಯುತ್ತೆ. ಅದು ದುರ್ಬಲ, ನೀರಲ್ಲಿ ಕರಗಿ ಹೋಗುತ್ತೆ. ಹಳೇ ಸ್ಲ್ಯಾಬ್ ಅಡಿಯಲ್ಲಿ ಬಿಳೀ ಗೆರೆ ಇಳಿದಿರುತ್ತಲ್ಲ, ಅದೇ. ಈ ಸಾಮಾನುಗಳು ಆ ಸುಣ್ಣದ ಜೊತೆ ಸೇರಿ ಗಟ್ಟಿ ಅಂಟು ಮಾಡುತ್ತವೆ, ತೂತು ಸಣ್ಣದಾಗುತ್ತೆ.

ವ್ಯತ್ಯಾಸ ಗಾತ್ರದಲ್ಲಿದೆ. ಸಿಮೆಂಟಿನ ಸಾಮಾನ್ಯ ಕಣವನ್ನು ಸಿಪ್ಪೆ ಸಮೇತದ ತೆಂಗಿನಕಾಯಿ ಅಂತ ಭಾವಿಸಿ. ಸಿಲಿಕಾ ಫ್ಯೂಮ್ ಸಾಸಿವೆ ಕಾಳು. ನ್ಯಾನೊ ಸಿಲಿಕಾ ಸಣ್ಣ ರವೆ. ತೆಂಗಿನಕಾಯಿ ರಾಶಿಯ ಸಂದಿಗೆ ಸಾಸಿವೆ, ಸಾಸಿವೆ ಸಂದಿಗೆ ರವೆ. ಲೆಕ್ಕದಲ್ಲಿ ಹೇಳುವುದಾದರೆ ಫ್ಯೂಮ್ ಕಣ ಸುಮಾರು 100ರಿಂದ 150 ನ್ಯಾನೊಮೀಟರ್, ನ್ಯಾನೊ ಸಿಲಿಕಾ 5ರಿಂದ 50. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೊಮೀಟರ್. ಕಣ ಸಣ್ಣದಾದಷ್ಟೂ ಮೈ ಜಾಸ್ತಿ. ಒಳ್ಳೇ ನ್ಯಾನೊ ಸಿಲಿಕಾದ ಒಂದೇ ಗ್ರಾಂ ಪುಡಿಯ ಮೇಲ್ಮೈ ಬಿಚ್ಚಿ ಹಾಸಿದರೆ 200 ಚದರ ಮೀಟರ್ ತನಕ ಹೋಗುತ್ತೆ. ನಮ್ಮ ವಾಲಿಬಾಲ್ ಅಂಕಣ 162 ಚದರ ಮೀಟರ್. ಒಂದು ಚಿಟಿಕೆ ಪುಡಿ ಅಂಕಣ ದಾಟಿತು!

ಅಷ್ಟು ಮೈ ಇರುವುದರಿಂದ ಅದು ಬೇಗ ಕೆಲಸ ಮಾಡುತ್ತೆ, ಮೊದಲ ಮೂರರಿಂದ ಏಳು ದಿನದಲ್ಲೇ ಬಲ ಬರುತ್ತೆ. ಅದೇ ಕಾರಣಕ್ಕೆ ನೀರನ್ನೂ ಎಳೆದುಕೊಳ್ಳುತ್ತೆ. ಗುಣ ದೋಷ ಎರಡೂ ಒಂದೇ ಬೇರಿನಿಂದ ಬಂದವು.

ಸ್ಲ್ಯಾಗ್ ನ್ಯಾನೊ ಅಲ್ಲವೇ ಅಲ್ಲ, ಸಿಮೆಂಟಿನಷ್ಟೇ ನುಣುಪು. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಅರೆದ ಪುಡಿ. ಬಳ್ಳಾರಿ ಕಡೆಯಿಂದ ಅರಬೈಲ್ ಘಟ್ಟ ಇಳಿದು ಲಾರಿಯಲ್ಲಿ ಬರುತ್ತೆ. ಬೇರೆ ತರುವುದು ಬೇಡ ಅಂದರೆ ಪೋರ್ಟ್‌ಲ್ಯಾಂಡ್ ಸ್ಲ್ಯಾಗ್ ಸಿಮೆಂಟ್ ಅಂತಲೇ ಚೀಲ ಸಿಗುತ್ತೆ, ಐಎಸ್ 455ರ ಪ್ರಕಾರ ಅದರಲ್ಲಿ 25ರಿಂದ 70 ಶೇಕಡಾ ಸ್ಲ್ಯಾಗ್ ಇರಬಹುದು. ಇದರ ದೊಡ್ಡ ಗುಣ, ತೂತು ಸಣ್ಣ ಮಾಡುವುದರ ಜೊತೆಗೆ ಕ್ಲೋರೈಡನ್ನು ಹಿಡಿದು ಕಟ್ಟಿಹಾಕುತ್ತೆ. ಅದರೊಳಗಿನ ಅಲ್ಯೂಮಿನಾ ಆ ಕೆಲಸ ಮಾಡುತ್ತೆ. ನ್ಯಾನೊ ಸಿಲಿಕಾಗೆ ಈ ಗುಣ ಇಲ್ಲ. ಕಡಲ ಊರಿನ ಪಾಯ, ಕಂಬ, ಬೀಮು, ಸ್ಲ್ಯಾಬ್ ಇವಕ್ಕೆಲ್ಲ ನನ್ನ ಮೊದಲ ಆಯ್ಕೆ ಸ್ಲ್ಯಾಗ್. ಎರಡನೇ ಯೋಚನೆ ಕೂಡ ಮಾಡುವುದಿಲ್ಲ.

ತೊಂದರೆ ಏನು? ನಿಧಾನ. ಏಳನೇ ದಿನದ ಬಲ ಸಾದಾ ಸಿಮೆಂಟಿಗಿಂತ ಕಡಿಮೆ. ಸೆಂಟ್ರಿಂಗ್ ಬೇಗ ಬಿಚ್ಚಲಾಗದು. ಜೂನ್ ಮೊದಲ ವಾರ ಮಳೆ ಹಿಡಿಯುತ್ತೆ, ಮೇ ಕೊನೆಗೆ ಸ್ಲ್ಯಾಬ್ ಹಾಕಿ ಓಡಬೇಕು ಅನ್ನುವ ಮೇಸ್ತ್ರಿಗೆ ಇದು ಸೇರುವುದಿಲ್ಲ. ನೀರು ಹೊಡೆಯುವುದೂ ಕನಿಷ್ಠ 10 ದಿನ ಬೇಕು. ಸ್ಲ್ಯಾಗ್ ಜೊತೆ ಒಂದು ಶೇಕಡಾ ನ್ಯಾನೊ ಸಿಲಿಕಾ ಸೇರಿಸಿದರೆ ಮೊದಲ ವಾರದ ಮಂದಗತಿ ಸ್ವಲ್ಪ ಸರಿಹೋಗುತ್ತೆ. ದೊಡ್ಡ ಗುತ್ತಿಗೆಗಳಲ್ಲಿ ಇದು ಒಳ್ಳೇ ಜೋಡಿ. ಮನೆ ಕಟ್ಟುವವರು ಒಂದು ತಿಂಗಳು ಮೊದಲೇ ಶುರು ಮಾಡಿದರೆ ಆ ಖರ್ಚೂ ಉಳಿಯುತ್ತೆ.

ಸಿಲಿಕಾ ಫ್ಯೂಮ್ ಬಗ್ಗೆ ನಮ್ಮ ತಾಲ್ಲೂಕಿನವರಿಗೆ ಸ್ವಲ್ಪ ಹೆಮ್ಮೆ ಇರಬೇಕು. ಕೈಗಾ ಅಣು ವಿದ್ಯುತ್ ಕೇಂದ್ರ ಕಟ್ಟುವಾಗ 1994ರ ಮೇ 13ರಂದು ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಮತ್ತೆ ಕಟ್ಟಿದಾಗ ಹಾಕಿದ್ದು ಸಿಲಿಕಾ ಫ್ಯೂಮ್ ಸೇರಿಸಿದ ಎಂ60 ಕಾಂಕ್ರೀಟ್. ಅಂದರೆ ಇದು ಲ್ಯಾಬಿನಿಂದ ನಿನ್ನೆ ಹೊರಬಂದ ಸಾಮಾನಲ್ಲ. ಐಎಸ್ 15388 ಅಂತ ಅದಕ್ಕೇ ಒಂದು ಮಾನದಂಡ 2003ರಿಂದ ಇದೆ. ಹಾಕುವುದು ಸಿಮೆಂಟಿನ 5ರಿಂದ 10 ಶೇಕಡಾ. ನ್ಯಾನೊ ಸಿಲಿಕಾ ಸಾಮಾನ್ಯವಾಗಿ 1ರಿಂದ 3 ಶೇಕಡಾ. ಕೆಜಿಗೆ ಹೋಲಿಸಿದರೆ ಫ್ಯೂಮ್ ಎಷ್ಟೋ ಅಗ್ಗ. ಚೀಲ ಒಡೆಯುವಾಗ ಧೂಳು ಮೋಡದ ಹಾಗೆ ಏಳುತ್ತೆ, ಮುಖಕ್ಕೆ ಒಳ್ಳೇ ಮಾಸ್ಕ್ ಬೇಕೇ ಬೇಕು. ಒಣ ನ್ಯಾನೊ ಪುಡಿಗೂ ಅದೇ ಮಾತು, ಇನ್ನೂ ಜಾಸ್ತಿ. ಅದಕ್ಕೇ ನ್ಯಾನೊ ಸಿಲಿಕಾ ಕೊಳ್ಳುವುದಾದರೆ ಪುಡಿ ಬೇಡ, ನೀರಲ್ಲಿ ಕಲಸಿದ ದ್ರವವೇ ತಗೊಳ್ಳಿ. ಪುಡಿ ಗಂಟು ಕಟ್ಟುತ್ತೆ. ಗಂಟು ಕಟ್ಟಿದ ಮೇಲೆ ಅದು ನ್ಯಾನೊ ಎಲ್ಲಿ ಉಳಿಯಿತು? ದುಬಾರಿ ಮರಳು ಅಷ್ಟೇ.

ಒಂದೆರಡು ಘನ ಮೀಟರಿಗಿಂತ ಜಾಸ್ತಿ ಕೆಲಸ ಇದ್ದು, ಒಳ್ಳೇ ಮಿಕ್ಸರ್ ಇದ್ದರೆ ಫ್ಯೂಮ್. ಬಹಳ ಚಿಕ್ಕ ಕೆಲಸ, ತೆಳು ಗಾರೆ, ರಿಪೇರಿ ಆದರೆ ನ್ಯಾನೊ ಸಿಲಿಕಾ ದ್ರವ. ನಾನು ಎಳೆಯುವ ಗೆರೆ ಇದು.

ಡಬ್ಬಿಯ ಲೆಕ್ಕ

ಭಾವ ತಂದ ನ್ಯಾನೊ ಸಿಲಿಕಾ ಡಬ್ಬಿ 5 ಲೀಟರಿನದು. ಘನಾಂಶ 30 ಶೇಕಡಾ ಅಂತ ಹಿಂಬದಿ ಸಣ್ಣಕ್ಷರದಲ್ಲಿತ್ತು. ಮುಂದೆ ದೊಡ್ಡದಾಗಿ 'ಚೀಲಕ್ಕೆ 200 ಮಿಲಿ ಸಾಕು'. ಕೂತು ಲೆಕ್ಕ ಹಾಕಿದೆವು. ಈ ದ್ರವದ ಲೀಟರ್ ಸುಮಾರು 1.2 ಕೆಜಿ ತೂಗುತ್ತೆ. 200 ಮಿಲಿ ಅಂದರೆ 240 ಗ್ರಾಂ, ಅದರಲ್ಲಿ ಸಿಲಿಕಾ 72 ಗ್ರಾಂ. 50 ಕೆಜಿ ಚೀಲಕ್ಕೆ 72 ಗ್ರಾಂ. ಶೇಕಡಾ 0.14. ಬೇಕಾದದ್ದು ಕನಿಷ್ಠ ಒಂದು ಶೇಕಡಾ, ಅಂದರೆ ಚೀಲಕ್ಕೆ 500 ಗ್ರಾಂ ಸಿಲಿಕಾ, ಸುಮಾರು 1.4 ಲೀಟರ್ ದ್ರವ. ಮುಂಬದಿಯ ಮಾತು ನಂಬಿದರೆ ಡಬ್ಬಿ 25 ಚೀಲಕ್ಕೆ ಬರುತ್ತೆ, ಹಿಂಬದಿಯ ಸಂಖ್ಯೆ ನಂಬಿದರೆ ಮೂರೂವರೆ ಚೀಲಕ್ಕೆ.

"ಹಂಗಾದ್ರೆ ಇಡೀ ಮನೆಗೆ ಹಾಕೋಕೆ ಗದ್ದೆ ಮಾರಬೇಕು," ಅಂದರು ಭಾವ.

ಮೂರೂವರೆ ಚೀಲ ಅಂದರೆ ಸುಮಾರು ಅರ್ಧ ಘನ ಮೀಟರ್ ಕಾಂಕ್ರೀಟ್. ಅವರ ಮನೆಯ ಪಶ್ಚಿಮದ ಮೂರು ಛಜ್ಜಾಕ್ಕೆ ಸರಿಯಾಗಿ ಅಷ್ಟೇ ಬೇಕಿತ್ತು. ಅಲ್ಲಿಗೇ ಹಾಕುವುದು ಅಂತ ತೀರ್ಮಾನವಾಯ್ತು. ಛಜ್ಜಾದ ದಪ್ಪವನ್ನೂ 100 ಮಿಮೀಗೆ ಏರಿಸಿದೆವು.

ಹಾಕುವ ದಿನ ಮೊದಲ ಕಲಸು ಕೆಟ್ಟಿತು. ತಪ್ಪು ನಂದೇ. ಫೋನಿನಲ್ಲಿದ್ದೆ. ಹುಡುಗ ಮಿಕ್ಸರಿನಲ್ಲಿ ತಿರುಗುತ್ತಿದ್ದ ಒಣ ಸಿಮೆಂಟಿಗೆ ದ್ರವ ಸುರಿದುಬಿಟ್ಟ. ಅಲ್ಲಲ್ಲಿ ಗೋಲಿಯಷ್ಟು ಗಂಟು. ಮೇಲಿಂದ ನೀರು ಹೊಯ್ದರೂ ಕಲಸು ಉಪ್ಪಿಟ್ಟಿನ ಹಾಗೆ ಬಿರುಸಾಯ್ತು, ಸಲಿಕೆಯಿಂದ ಬೀಳಲೇ ಒಲ್ಲದು. ಮೇಸ್ತ್ರಿಯ ಕೈ ತಾನಾಗೇ ಬಕೆಟ್ಟಿಗೆ ಹೋಯ್ತು. "ಅರ್ಧ ಬಕೆಟ್ ಹಾಕಿದ್ರೆ ಆಯ್ತು ಬಿಡಿ ಸರ." ಅಲ್ಲೇ ನಿಲ್ಲಿಸಿದೆ. ಒಂದು ಚೀಲಕ್ಕೆ 0.45ರ ಲೆಕ್ಕದಲ್ಲಿ ನೀರು 22.5 ಲೀಟರ್. ಅರ್ಧ ಬಕೆಟ್ ಐದು ಲೀಟರ್ ಸೇರಿದರೆ ಅದು 0.55 ಆಯ್ತು. ನ್ಯಾನೊದಿಂದ ಮುಚ್ಚಿದ ತೂತನ್ನೆಲ್ಲ ಅರ್ಧ ಬಕೆಟ್ ನೀರು ಮತ್ತೆ ತೆರೆಯುತ್ತೆ. ಆ ಕಲಸನ್ನು ಅಂಗಳದ ಕಾಲುದಾರಿಗೆ ಹಾಕಿಸಿದೆ.

ಎರಡನೇ ಸಲ ದ್ರವವನ್ನು ಮೊದಲು ಕಲಸುವ ನೀರಿಗೇ ಸೇರಿಸಿ ಚೆನ್ನಾಗಿ ಆಡಿಸಿದೆವು. ದ್ರವದಲ್ಲೇ ಚೀಲಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರಿರುತ್ತೆ, ಅಷ್ಟನ್ನು ಕಳೆದೆವು. ಮೆತ್ತಗಾಗುವುದಕ್ಕೆ ನೀರಿನ ಬದಲು ಪಾಲಿಕಾರ್ಬಾಕ್ಸಿಲೇಟ್ ಜಾತಿಯ ಸೂಪರ್‌ಪ್ಲಾಸ್ಟಿಸೈಜರ್ ಹಾಕಿದೆವು. ಇದಿಲ್ಲದೆ ನ್ಯಾನೊ ಸಿಲಿಕಾ ಕೈಗೆ ತಗೊಳ್ಳಲೇಬೇಡಿ. ಕಾಂಕ್ರೀಟ್ ಹೊಳಪಿನಿಂದ ಇಳಿಯಿತು. ಆದರೆ ಮೇಲೆ ನೀರು ತೇಲಲಿಲ್ಲ. ತೇಲದಿದ್ದರೆ ಏಪ್ರಿಲ್ ಗಾಳಿಗೆ ಮೇಲ್ಮೈ ಗಂಟೆಯೊಳಗೆ ಬಿರಿಯುತ್ತೆ. ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದೆಸಿ, ಸಂಜೆಗೆ ಒದ್ದೆ ಗೋಣಿ ಹಾಸಿದೆವು.

ಸಿಲೇನ್: ಘಟ್ಟದ ಮೇಲಿನವರ ಸ್ನೇಹಿತ

ತಿಳಿ ದ್ರವದ ಡಬ್ಬಿ ಬೇರೆಯದೇ ಜಾತಿ. ಇದು ತೂತು ಮುಚ್ಚುವುದಿಲ್ಲ. ತೂತಿನ ಗೋಡೆಗೆ ಅಂಟಿ ಕೆಸುವಿನ ಎಲೆಯ ಹಾಗೆ ಮಾಡುತ್ತೆ. ನೀರು ಉರುಳಿ ಹೋಗುತ್ತೆ, ಒಳಗಿನ ಆವಿ ಮಾತ್ರ ಹೊರಗೆ ಬರುತ್ತೆ. ಅಣು ಚಿಕ್ಕದು ಅಂತ ಅಂಗಡಿಯವರು ಇದನ್ನೂ ನ್ಯಾನೊ ಅಂತಾರೆ, ಅನ್ನಲಿ ಬಿಡಿ.

ಶಿರಸಿ, ಸಿದ್ದಾಪುರ ಕಡೆಯವರು ಕೇಳಬೇಕಾದದ್ದು ಇದನ್ನು. ದೇವಿಮನೆ ಘಟ್ಟ ಹತ್ತಿದ ಮೇಲೆ ಉಪ್ಪಿನ ಕಾಟ ಇಲ್ಲ, ನೀರಿನದೇ ಕಾಟ. ಚಿರೆಕಲ್ಲಿನ ಗೋಡೆ ಮಳೆಗಾಲ ಪೂರ್ತಿ ಸ್ಪಂಜಿನ ಹಾಗೆ ಕುಡಿಯುತ್ತೆ. ಅಜ್ಜನ ಕಾಲದಲ್ಲಿ ಸೋಗೆಯ ತಟ್ಟಿ ಕಟ್ಟಿ ಗೋಡೆ ಕಾಯುತ್ತಿದ್ದರು. ಈಗ ತಟ್ಟಿ ಕಟ್ಟಲು ಆಳು ಇಲ್ಲ. ಉಸಿರಾಡುವ ಚಿರೆಕಲ್ಲಿಗೆ ಮೇಲಿಂದ ಪ್ಲಾಸ್ಟಿಕ್‌ನಂಥ ಪೇಂಟ್ ಬಳಿದರೆ ಒಳಗೆ ಸಿಕ್ಕಿಬಿದ್ದ ತೇವ ಪೇಂಟನ್ನೇ ಗುಳ್ಳೆ ಎಬ್ಬಿಸುತ್ತೆ. ಸಿಲೇನ್ ಗುಳ್ಳೆ ಎಬ್ಬಿಸುವುದಿಲ್ಲ. ಫೆಬ್ರವರಿ ಮಾರ್ಚಿನಲ್ಲಿ, ಗೋಡೆ ಪೂರ್ತಿ ಒಣಗಿರುವಾಗ, ಎರಡು ಕೈ ಹೊಡೆಯಬೇಕು. ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ಹೊಡೆದ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ನಿಂತು ಉರುಳಿದರೆ ಸರಿ, ಕಲ್ಲು ಕಪ್ಪಾಗಿ ಹೀರಿಕೊಂಡರೆ ಮತ್ತೊಂದು ಕೈ ಬೇಕು.

ನೀರು ನಿಲ್ಲುವ ಟೆರೇಸಿಗೆ ಇದನ್ನು ನಂಬಬೇಡಿ. ನಿಂತ ನೀರಿನ ಒತ್ತಡ ತಡೆಯುವ ಶಕ್ತಿ ಇದಕ್ಕಿಲ್ಲ, ಬಿರುಕಿಗೆ ಸೇತುವೆ ಕಟ್ಟುವ ಶಕ್ತಿಯೂ ಇಲ್ಲ. ಟೆರೇಸಿಗೆ ಇಳಿಜಾರು ಬೇಕು. ಸ್ಲ್ಯಾಬ್ ಮೇಲೆ ಶೀಟ್ ಹೊದೆಸುವ ನಮ್ಮ ಜಿಲ್ಲೆಯ ಪದ್ಧತಿ ನೋಡಿ ಬೆಂಗಳೂರಿನವರು ನಗುತ್ತಾರೆ. ಮೂರು ಸಾವಿರ ಮಿಮೀ ಮಳೆಯಲ್ಲಿ ಒಂದು ವರ್ಷ ಇದ್ದು ನಗಲಿ.

ಇನ್ನೊಂದು ಮಾತು ಶಿರಸಿಯವರಿಗೆ. ಉಪ್ಪಿಲ್ಲ ಅಂತ 20 ಮಿಮೀ ಕವರಿಗೆ ಇಳಿಯಬೇಡಿ. ಐಎಸ್ 456ರ 'ತೀವ್ರ' ಪಟ್ಟಿಯಲ್ಲಿ ಭಾರಿ ಮಳೆಗೆ ಒಡ್ಡಿಕೊಂಡ ಕಾಂಕ್ರೀಟೂ ಇದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನಕ್ಕೆ ಕಾಂಕ್ರೀಟಿನ ಕ್ಷಾರ ಇಳಿಸುತ್ತಾ ಹೋಗುತ್ತೆ, ಪಿಎಚ್ 9ರ ಕೆಳಗೆ ಬಂದರೆ ಉಪ್ಪಿಲ್ಲದೆಯೂ ತುಕ್ಕು ಹಿಡಿಯುತ್ತೆ. ಹಳೇ ಕಟ್ಟಡದಲ್ಲಿ ಎಷ್ಟು ಆಳ ಹೋಗಿದೆ ಅಂತ ನೋಡಲು ಒಂದು ಚೂರು ಒಡೆದು ಫಿನಾಫ್ತಲೀನ್ ಹನಿ ಹಾಕುತ್ತೇವೆ. ಗುಲಾಬಿ ಬಣ್ಣ ಬಂದರೆ ಇನ್ನೂ ಜೀವ ಇದೆ. ಬಣ್ಣ ಬರದಿದ್ದರೆ ಅಷ್ಟು ದಪ್ಪ ಸತ್ತಂತೆ.

ಉಳಿದವು, ಬೇಗ ಬೇಗ

ಟೈಟಾನಿಯಂ ಡೈಆಕ್ಸೈಡ್ ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಕೊಳೆಯನ್ನು ಸುಟ್ಟು ತಾನೇ ಸ್ವಚ್ಛವಾಗುತ್ತೆ. ರೋಮ್‌ನಲ್ಲಿ 2003ರಲ್ಲಿ ತೆರೆದ ಜುಬಿಲಿ ಚರ್ಚ್ ಇದೇ ಸಿಮೆಂಟಿನಿಂದ ಕಟ್ಟಿದ್ದು, ಬೆಳ್ಳಗೆ ಇರಲಿ ಅಂತ. ನಮ್ಮಲ್ಲಿ ಗೋಡೆಗೆ ಹಾವಸೆ ಹಿಡಿಯುವುದು ಯಾವಾಗ? ಜುಲೈನಲ್ಲಿ. ಬಿಸಿಲು ಇಲ್ಲದ್ದು ಯಾವಾಗ? ಜುಲೈನಲ್ಲಿ. ದಕ್ಷಿಣ, ಪಶ್ಚಿಮದ ಗೋಡೆಗೆ ಅಕ್ಟೋಬರ್ ನಂತರ ಸ್ವಲ್ಪ ಕೆಲಸ ಮಾಡೀತು. ರಾಡಿನ ರಕ್ಷಣೆಗೂ ಇದಕ್ಕೂ ಸಂಬಂಧ ಇಲ್ಲ.

ಇಂಗಾಲದ ನ್ಯಾನೊ ನಳಿಕೆ, ಗ್ರಾಫೀನ್ ಆಕ್ಸೈಡ್ ಅಂತ ಹೇಳಿ ಯಾರಾದರೂ ಮನೆ ಕೆಲಸಕ್ಕೆ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ. ಸಾಮಾನು ನಿಜಕ್ಕೂ ಅದ್ಭುತ, ಕಣ್ಣಿಗೆ ಕಾಣದ ಬಿರುಕನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತೆ. ಆದರೆ ಅದನ್ನು ಸಮನಾಗಿ ಹರಡಲು ಅಲ್ಟ್ರಾಸೋನಿಕ್ ಯಂತ್ರ ಬೇಕು. ಒಂದು ಚೀಲದ ಮಿಕ್ಸರಿನಿಂದ ಆಗುವುದಿಲ್ಲ. ನ್ಯಾನೊ ಕ್ಲೇ ಗಾರೆ ಜಾರದಂತೆ ಹಿಡಿಯಲು ಒಳ್ಳೇದು, ಟೈಲ್ ಅಂಟಿನಂಥ ಕಡೆ. ಅದನ್ನು ತಯಾರಕರೇ ಹಾಕಿಕೊಡಲಿ.

ನ್ಯಾನೊ ಸುಣ್ಣದ ವಿಷಯ ಮಾತ್ರ ಬೇರೆ, ನನಗೆ ಅದರ ಮೇಲೆ ಪ್ರೀತಿ. ಸುಣ್ಣದ ಅತಿ ಸಣ್ಣ ಕಣವನ್ನು ಆಲ್ಕೋಹಾಲಿನಲ್ಲಿ ತೇಲಿಸಿದ ದ್ರವ ಅದು. ಅಂಕೋಲಾ, ಕುಮಟಾ ಕಡೆಯ ಹಳೇ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆ ನೋಡಿದ್ದೀರಲ್ಲ, ಕೆಂಪು ಪದರ ಕೆರೆದು ಒಳಗಿನ ಬಿಳೀ ಸುಣ್ಣ ತೋರಿಸುವ ಚಿತ್ರ. ಅಂಥ ಸುಣ್ಣದ ಗಾರೆ ಪುಡಿ ಉದುರತೊಡಗಿದರೆ ಸಿಮೆಂಟ್ ಮೆತ್ತುವುದು ಪಾಪ. ಗಟ್ಟಿ ಸಿಮೆಂಟ್ ಪಕ್ಕದ ಮೆತ್ತನೆ ಸುಣ್ಣವನ್ನು ಕಿತ್ತುಕೊಂಡು ಬೀಳುತ್ತೆ. ನ್ಯಾನೊ ಸುಣ್ಣ ಒಳಗೆ ಇಂಗಿ ಅದೇ ಜಾತಿಯ ಸುಣ್ಣವಾಗಿ ಗಟ್ಟಿಯಾಗುತ್ತೆ. ಆದರೆ ಇದು ಸಂರಕ್ಷಣೆ ಕಲಿತವರ ಕೈಯಲ್ಲಿ ಆಗಬೇಕಾದ ಕೆಲಸ. ಊರವರು ಬ್ರಷ್ ಹಿಡಿದು ಹೊರಡಬಾರದು.

ನೀವಿರುವ ಜಾಗಕ್ಕೆ

ಸಮುದ್ರ ಕಾಣುವ ಮನೆ ಅಂದರೆ ಕಾರವಾರ, ಗೋಕರ್ಣ, ಮುರುಡೇಶ್ವರದ ದಂಡೆ. ಸ್ಲ್ಯಾಗ್ ಸಿಮೆಂಟ್, ಎಂ30 ಅಥವಾ ಮೇಲೆ, ಸಿಹಿ ನೀರು, ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), 45ರ ಕವರ್ ಬ್ಲಾಕ್. ತೆಳು ಭಾಗಕ್ಕೆ ಮಾತ್ರ ನ್ಯಾನೊ ಸಿಲಿಕಾ ಅಥವಾ ಫ್ಯೂಮ್. ದುಡ್ಡು ಉಳಿದರೆ ಹೊರಮೈಗೆ ಸಿಲೇನ್.

ಅಘನಾಶಿನಿ ಗಜನಿ (ಹೊಳೆಯ ಉಪ್ಪು ನೀರು ನುಗ್ಗುವ ಗದ್ದೆ) ಬದಿಯವರಿಗೆ, ಸಿಗಡಿ ಕೆರೆ ಪಕ್ಕದವರಿಗೆ ಕಾಟ ಗಾಳಿಗಿಂತ ಜಾಸ್ತಿ ನೆಲದಿಂದ. ಉಪ್ಪು ನೀರು ಪಾಯದಿಂದ ಮೇಲೇರಿ, ಆವಿಯಾಗಿ, ನೆಲದಿಂದ ಒಂದೆರಡು ಅಡಿ ಮೇಲೆ ಗೋಡೆಯಲ್ಲಿ ಹರಳುಗಟ್ಟುತ್ತೆ. ಅಲ್ಲೇ ಪ್ಲಾಸ್ಟರ್ ಉದುರುವುದು. ಹಾಗಾಗಿ ದುಡ್ಡನ್ನೆಲ್ಲ ಪಾಯಕ್ಕೇ ಹಾಕಿ. ಪಾಯದ ಬೆಲ್ಟ್‌ಗೆ ಸ್ಲ್ಯಾಗ್ ಜೊತೆ ಫ್ಯೂಮ್, ಅದರ ಮೇಲೆ ತೇವ ತಡೆಯುವ ಪದರ. ಮೇಲಿನ ಗೋಡೆಗೆ ಬರೀ ಸಿಲೇನ್ ಹೊಡೆದರೆ ಹರಳು ಒಳಗೇ ಕಟ್ಟಿ ಕಲ್ಲನ್ನೇ ಒಡೆಯುತ್ತೆ. ಕುಮಟಾ ಹತ್ತಿರ ಒಂದು ಮನೆಯಲ್ಲಿ ಇದೇ ಆಗಿ, ಎರಡು ವರ್ಷದ ನಂತರ ಚಿರೆಕಲ್ಲಿನ ಮುಖವೇ ಕೈಗೆ ಬಂದಿತ್ತು.

ಯಾವ ಡಬ್ಬಿ ಕೊಂಡರೂ ಅಂಗಡಿಯಲ್ಲಿ ನಿಂತೇ ನಾಲ್ಕು ವಿಷಯ ಕೇಳಿ: ಒಳಗೆ ಇರುವ ವಸ್ತುವಿನ ಹೆಸರು, ಘನಾಂಶದ ಶೇಕಡಾ, ಸಿಮೆಂಟಿನ ತೂಕಕ್ಕೆ ಎಷ್ಟು ಹಾಕಬೇಕು, ಅದರಲ್ಲೇ ಕ್ಲೋರೈಡ್ ಎಷ್ಟು. ಕೆಲವು ಬೇಗ ಗಟ್ಟಿಯಾಗಿಸುವ ದ್ರವದಲ್ಲಿ ಕ್ಯಾಲ್ಸಿಯಂ ಕ್ಲೋರೈಡೇ ಇರುತ್ತೆ, ದುಡ್ಡು ಕೊಟ್ಟು ಉಪ್ಪು ಕೊಂಡಂತೆ. ದೊಡ್ಡ ಕೆಲಸ ಆದರೆ ಪರೀಕ್ಷೆಗೆ ಎರಕ ಹೊಯ್ದ ಕಾಂಕ್ರೀಟ್ ಕ್ಯೂಬಿನ ಬಲದ ಜೊತೆ ಕ್ಲೋರೈಡ್ ನುಗ್ಗುವ ಪರೀಕ್ಷೆಯನ್ನೂ ಮಾಡಿಸಿ. ಕೂಲಂಬ್‌ನಲ್ಲಿ ಸಂಖ್ಯೆ ಕೊಡುತ್ತಾರೆ. 4000 ದಾಟಿದರೆ ಜರಡಿ, 1000ದ ಕೆಳಗೆ ಬಂದರೆ ಬಹಳ ಬಿಗಿ. ಸ್ಲ್ಯಾಗ್ ಹಾಕಿದ್ದರೆ 28ನೇ ದಿನಕ್ಕೆ ಅವಸರ ಪಡದೆ 56ನೇ ದಿನ ಮಾಡಿಸಿ, ಆಗ ಅದರ ನಿಜವಾದ ಮುಖ ಕಾಣುತ್ತೆ.

ಭಾವನ ಮನೆಯ ಒಕ್ಕಲು ನವೆಂಬರ್‌ನಲ್ಲಿ ಆಯ್ತು. ಕಂಬ, ಸ್ಲ್ಯಾಬ್ ಎಲ್ಲ ಸ್ಲ್ಯಾಗ್ ಸಿಮೆಂಟಿನವು. ಪಶ್ಚಿಮದ ಛಜ್ಜಾಗಳು ಒಂದು ಮಳೆಗಾಲ ನೆನೆದು ಒಣಗಿವೆ, ಅಡಿಯಲ್ಲಿ ಬಿಳೀ ಗೆರೆ ಇಳಿದಿಲ್ಲ. ಸಿಲೇನ್ ಡಬ್ಬಿ ಶಿರಸಿಯ ಸೋದರಮಾವನ ಮನೆಗೆ ಹೋಯ್ತು. ಬಿಳೀ ಪೇಂಟಿನ ಡಬ್ಬಿ ಇನ್ನೂ ಜಗಲಿಯಲ್ಲೇ ಇದೆ. ಅಕ್ಕ ಅದರ ಮೇಲೆ ಮೊಗೆಕಾಯಿ ಇಟ್ಟಿದ್ದಾಳೆ.